ನಿಬ್ಬನ್ನು ಒತ್ತಬೇಡಪ್ಪ

ಇಂಕ್ ಪೆನ್ನು ಕೊಂಡರೂ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿಯೇ ಉಳಿದಿದೆ ದೊಡ್ಡಪ್ಪ ಅಂತ ಮೊನ್ನೆ ಫೋನಿನಲ್ಲಿ ಬೇಜಾರು ಮಾಡಿಕೊಂಡೆಯಲ್ಲ, ಅದಕ್ಕೇ ಇಷ್ಟು ಹೇಳಬೇಕೆನ್ನಿಸಿತು. ಪೆನ್ನು ಅಕ್ಷರ ತಿದ್ದುವುದಿಲ್ಲ ಕಣಪ್ಪ. ಅದರಿಂದ ಆಗುವ ಉಪಕಾರ ಒಂದೇ: ಒತ್ತಿ ಬರೆಯುವ ಚಟ ಬಿಡಿಸುತ್ತದೆ. ಅದೂ ಬಿಡಲು ನೀನು ಒಪ್ಪಿದರೆ ಮಾತ್ರ.

ಬಾಲ್ ಪೆನ್ನಿನೊಳಗೆ ಇರುವುದು ಎಣ್ಣೆ ಬೆರೆತ ಗಟ್ಟಿ ಶಾಯಿ. ತುದಿಯ ಗುಂಡು ಉರುಳಿದರೆ ಮಾತ್ರ ಅದು ಕಾಗದಕ್ಕೆ ಇಳಿಯುತ್ತದೆ, ಗುಂಡು ಉರುಳಬೇಕಾದರೆ ಒತ್ತಲೇಬೇಕು. ಇಂಕ್ ಪೆನ್ನಿನ ಶಾಯಿ ನೀರಿನಷ್ಟೇ ತೆಳು. ನಿಬ್ಬಿನ ನಡುವೆ ಕೂದಲೆಳೆಯಷ್ಟು ಸೀಳು, ಅದರ ಕೆಳಗಿನ ನಾಲಗೆಯಲ್ಲಿ ಸಣ್ಣ ಸಣ್ಣ ಕಾಲುವೆ. ಶಾಯಿ ತಾನಾಗಿ ಹರಿದು ತುದಿಗೆ ಬಂದು ಕಾದಿರುತ್ತದೆ. ಕಾಗದ ಸೋಕಿದರೆ ಸಾಕು, ಎಳೆದುಕೊಳ್ಳುತ್ತದೆ. ಹೊರಗೆ ಹೋದ ಶಾಯಿಯ ಜಾಗಕ್ಕೆ ಅದೇ ನಾಲಗೆಯ ದಾರಿಯಲ್ಲಿ ಗಾಳಿ ಒಳಗೆ ಬರಬೇಕು. ಈ ಕೊಡುಕೊಳ್ಳುವಿಕೆಯನ್ನು ಹದಕ್ಕೆ ತಂದು ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ. ಅಷ್ಟೆಲ್ಲ ಹದ ಮಾಡಿಟ್ಟ ಯಂತ್ರದ ಮೇಲೆ ನೀನು ಮುಂಗೈಯ ಭಾರವನ್ನೆಲ್ಲ ಹಾಕಿದರೆ ಸೀಳಿನ ಎರಡು ಬದಿಯ ಹೋಳುಗಳೂ ಅಗಲವಾಗಿ ಶಾಯಿ ಸುರಿಯುತ್ತದೆ, ಕೆಲವು ದಿನಕ್ಕೆ ಅವು ಮತ್ತೆ ಕೂಡಿಕೊಳ್ಳುವುದನ್ನೇ ಬಿಡುತ್ತವೆ.

ಬರೆದ ಮೇಲೆ ಹಾಳೆ ತಿರುವಿ ಹಿಂಬದಿಯಲ್ಲಿ ಬೆರಳಾಡಿಸಿ ನೋಡು. ಅಕ್ಷರ ಕೈಗೆ ತಗುಲಿದರೆ ಇನ್ನೂ ಒತ್ತುತ್ತಿದ್ದೀಯ ಅಂತ ಅರ್ಥ. ಪೆನ್ನನ್ನು ನೆಟ್ಟಗೆ ನಿಲ್ಲಿಸದೆ ಹೆಬ್ಬೆರಳು ತೋರುಬೆರಳಿನ ನಡುವಿನ ತಗ್ಗಿಗೆ ಒರಗಿಸು. ನಿಬ್ಬಿನ ಸೀಳು ಮೇಲ್ಮುಖವಾಗಿರಲಿ, ಬರೆಯುತ್ತಾ ಬರೆಯುತ್ತಾ ಪಕ್ಕಕ್ಕೆ ಹೊರಳದಿರಲಿ. ಹಿಡಿತ ಎಷ್ಟಿರಬೇಕು ಅಂದರೆ, ಯಾರಾದರೂ ಹಿಂದಿನಿಂದ ಬಂದು ಮೆಲ್ಲಗೆ ಎಳೆದರೆ ಪೆನ್ನು ಕೈಯಿಂದ ಜಾರಿ ಹೋಗಬೇಕು.

ಇನ್ನು ನಿಬ್ಬಿನ ದಪ್ಪದ ಮಾತು. ಇಂಗ್ಲಿಷ್ ಬರೆಯುವವರು ಹೊಗಳಿದರು ಅಂತ ಬ್ರಾಡ್ ನಿಬ್ಬು ತಗೋಬೇಡ. ನಮ್ಮ ಅಕ್ಷರಗಳ ಹೊಟ್ಟೆಯಲ್ಲಿ ಇರುವ ಬಯಲು ಚಿಕ್ಕದು, ಕೆಳಗೆ ನೇತಾಡುವ ಒತ್ತಕ್ಷರ ಇನ್ನೂ ಚಿಕ್ಕದು. ದಪ್ಪ ನಿಬ್ಬಿನಲ್ಲಿ ‘ಥ’ದ ಚುಕ್ಕಿ, ‘ಧ’ದ ಸೀಳು ಎಲ್ಲ ಶಾಯಿಯಲ್ಲಿ ಮುಳುಗಿಹೋಗುತ್ತವೆ. ಫೈನ್ ನಿಬ್ಬೇ ಕನ್ನಡಕ್ಕೆ ಸರಿ, ಅಕ್ಷರ ದೊಡ್ಡದಾಗಿ ಬರೆಯುವವರಿಗೆ ಮೀಡಿಯಂ ಆದೀತು. ಚಿನ್ನದ ನಿಬ್ಬಿನ ಆಸೆಯೂ ಬೇಡ. ಚಿನ್ನದ್ದಾಗಲಿ ಉಕ್ಕಿನದ್ದಾಗಲಿ, ಕಾಗದಕ್ಕೆ ಉಜ್ಜುವುದು ತುದಿಗೆ ಬೆಸೆದ ಗಟ್ಟಿ ಲೋಹದ ಪುಟ್ಟ ಗುಂಡು ಮಾತ್ರ.

ಅದೇ ಗುಂಡಿನ ಕಾರಣಕ್ಕೆ ಇನ್ನೊಂದು ನಂಬಿಕೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಇಂಕ್ ಪೆನ್ನು ಬೇರೆಯವರಿಗೆ ಕೊಟ್ಟರೆ ನಿಬ್ಬು ಅವರ ಕೈಗೆ ಒಗ್ಗಿಬಿಡುತ್ತದೆ ಅಂತಾರೆ. ಒಂದು ಸಹಿ ಹಾಕಿದ್ದಕ್ಕೆಲ್ಲ ಸವೆಯುವ ಲೋಹವಲ್ಲ ಅದು. ಆದರೂ ಕೊಡಬೇಡ. ಬಾಲ್ ಪೆನ್ನು ಹಿಡಿದು ಅಭ್ಯಾಸವಾದ ಕೈ ಮೊದಲು ಮಾಡುವ ಕೆಲಸವೇ ಒತ್ತುವುದು.

ಅಕ್ಷರದ ವಿಷಯಕ್ಕೆ ಬರೋಣ. ಮೊದಲು ಅಂದದ ಆಸೆ ಬಿಡು. ಓದುವವನು ತಡವರಿಸದೆ ಓದಬೇಕು, ದಿನನಿತ್ಯದ ಬರಹಕ್ಕೆ ಅಷ್ಟು ಸಾಕು. ವರ್ಣಮಾಲೆಯನ್ನೆಲ್ಲ ಮತ್ತೆ ತಿದ್ದುತ್ತಾ ಕೂರಬೇಡ. ನಿನ್ನದೇ ಹಳೆಯ ಒಂದು ಪುಟ ತೆಗೆದು, ಓದುವಾಗ ಕಣ್ಣು ಎಡವುವ ಕಡೆಯಲ್ಲೆಲ್ಲ ಗುರುತು ಹಾಕು. ತಪ್ಪು ಮಾಡುವುದು ಎರಡು ಮೂರು ಅಕ್ಷರ ಮಾತ್ರ ಅಂತ ಗೊತ್ತಾಗುತ್ತದೆ. ಪುಟವೆಲ್ಲ ಕೆಟ್ಟು ಕಾಣುವುದು ಅವುಗಳಿಂದಲೇ.

ಹೆಚ್ಚು ಮಂದಿಯ ಕೈಯಲ್ಲಿ ಕೆಡುವುದು ತಲೆಕಟ್ಟು. ‘ನ’ಕ್ಕೂ ‘ನಿ’ಗೂ, ‘ಲ’ಕ್ಕೂ ‘ಲಿ’ಗೂ ನೆತ್ತಿಯ ಮೇಲೆ ಬಿಟ್ಟರೆ ಬೇರೆಲ್ಲೂ ವ್ಯತ್ಯಾಸವಿಲ್ಲ. ಅವಸರದಲ್ಲಿ ತಲೆಕಟ್ಟನ್ನು ಸುತ್ತಿ ಎಳೆದರೆ ಅದೇ ಗುಡಿಸಾಗುತ್ತದೆ, ಗುಡಿಸನ್ನು ಸುತ್ತದೆ ಬಿಟ್ಟರೆ ಅದು ತಲೆಕಟ್ಟು. ಎರಡನೆಯದು ‘ವು’. ಇದು ನನಗೆ ಬಹಳ ಇಷ್ಟದ ಅಕ್ಷರ, ಸ್ವಲ್ಪ ತಡೆದು ನೋಡು. ‘ನು’, ‘ತು’ ಬರೆಯುವಾಗ ಕೊಂಬನ್ನು ಪಕ್ಕಕ್ಕೆ ಸೇರಿಸುತ್ತೇವೆ. ‘ಪು’, ‘ವು’ ಬರೆಯುವಾಗ ಮಾತ್ರ ಅದು ಅಕ್ಷರದ ಬುಡಕ್ಕೆ ಇಳಿಯುತ್ತದೆ. ಯಾಕೆ ಅಂದರೆ, ‘ವ’ದ ಪಕ್ಕಕ್ಕೆ ಕೊಂಬು ಕೊಟ್ಟರೆ ‘ಮ’ ಆಗಿಬಿಡುತ್ತದೆ. ನೀನು ‘ನಾವು’ ಅಂತ ಬರೆದದ್ದನ್ನು ನಿನ್ನ ಅತ್ತೆ ‘ನಾಮ’ ಅಂತ ಓದಿದರೆ ತಪ್ಪು ಅವಳದ್ದಲ್ಲ. ಮಹಾಪ್ರಾಣಕ್ಕೆ ಹೊಟ್ಟೆ ಸೀಳಲು ಮರೆಯುವುದು, ಅರ್ಕಾವತ್ತನ್ನು ದೀರ್ಘದ ಹಾಗೆ ಎಳೆಯುವುದು, ‘ಬೇಡ’ವನ್ನು ‘ಬೆಡ’ ಮಾಡುವುದು ಇವೆಲ್ಲ ಇದೇ ಜಾತಿಯವು. ವಾರಕ್ಕೊಂದನ್ನು ಹಿಡಿದು ಸರಿಮಾಡಿಕೋ, ಒಟ್ಟಿಗೆ ಎಲ್ಲಕ್ಕೂ ಕೈ ಹಾಕಬೇಡ.

ಗೆರೆಗಳ ನಡುವಿನ ಜಾಗವೂ ಮುಖ್ಯ. ‘ರಾಷ್ಟ್ರ’, ‘ಶಾಸ್ತ್ರ’ ಬರೆದು ನೋಡು: ಒತ್ತಕ್ಷರಗಳು ಕೆಳಸಾಲಿನ ಗುಡಿಸಿಗೆ ಹೋಗಿ ಡಿಕ್ಕಿ ಹೊಡೆಯುತ್ತವೆ. ಒಂಟಿ ಗೆರೆಯ ಪುಸ್ತಕದಲ್ಲಿ ಅಕ್ಷರದ ಮೈ ಎರಡು ಗೆರೆಗಳ ನಡುವಿನ ಅರ್ಧವನ್ನು ಮೀರದಿದ್ದರೆ ಉಳಿದವಕ್ಕೆ ಉಸಿರಾಡಲು ಜಾಗ ಇರುತ್ತದೆ. ಎಡಗೈಯವರಿಗೆ ಬರೆದದ್ದರ ಮೇಲೇ ಕೈ ಸರಿಯುವ ಕಷ್ಟ ಇದೆ, ಅವರು ಬೇಗ ಒಣಗುವ ಶಾಯಿ ಕೊಂಡು ಹಾಳೆಯನ್ನು ಓರೆಯಾಗಿ ಇಟ್ಟುಕೊಳ್ಳಲಿ.

ಪೆನ್ನನ್ನು ಸಾಕುವುದು ದೊಡ್ಡ ವಿದ್ಯೆಯೇನಲ್ಲ. ಚಿತ್ರ ಬರೆಯುವ ಇಂಡಿಯನ್ ಇಂಕನ್ನು ಅಪ್ಪಿತಪ್ಪಿಯೂ ತುಂಬಬೇಡ, ಒಳಗೆ ಒಣಗಿ ಕಲ್ಲಾಗುತ್ತದೆ. ಎರಡು ಕಂಪನಿಯ ಶಾಯಿ ಬೆರೆಸಬೇಡ. ಶಾಯಿ ಬದಲಿಸುವಾಗಲೆಲ್ಲ ತಣ್ಣೀರಿನಲ್ಲಿ ತೊಳೆ. ಬಿಸಿನೀರು, ಸ್ಪಿರಿಟ್ಟು ಬೇಡ. ನಿನ್ನ ತಾತನ ಕಾಲದ ರಾಜಮಂಡ್ರಿಯ ರತ್ನಂ ಪೆನ್ನು ಮನೆಯಲ್ಲಿದೆಯಲ್ಲ, 1930ರ ದಶಕದ ಸ್ವದೇಶಿ ಹುರುಪಿನಲ್ಲಿ ಹುಟ್ಟಿದ ಪೆನ್ನಿನ ಹೆಸರು ಅದು, ಅಂಥ ಫಿಲ್ಲರಿನಲ್ಲಿ ಶಾಯಿ ತುಂಬುವ ಪೆನ್ನು ಪೂರ್ತಿ ತುಂಬಿದಾಗ ಕಾರುವುದಿಲ್ಲ, ಮುಕ್ಕಾಲು ಖಾಲಿಯಾದಾಗ ಕಾರುತ್ತದೆ. ಒಳಗಿನ ಗಾಳಿ ಕೈಯ ಬಿಸಿಗೆ ಹಿಗ್ಗಿ ಶಾಯಿಯನ್ನು ಹೊರಕ್ಕೆ ತಳ್ಳುವುದೇ ಅದಕ್ಕೆ ಕಾರಣ. ಹಾಗಾಗಿ ತಳ ಕಾಣುವ ಮೊದಲೇ ತುಂಬಿಕೋ. ಚೆಕ್ಕಿಗೆ ಸಹಿ ಹಾಕಲು ನೀರಿಗೆ ಕರಗುವ ನೀಲಿ ಬಳಸಬೇಡ, ಪರ್ಮನೆಂಟ್ ಶಾಯಿ ಇರಲಿ. ಪರೀಕ್ಷೆಗೆ ಕೂರುವ ನಿನ್ನ ತಂಗಿಗೂ ಹೇಳು, ಹೊಸ ಪೆನ್ನನ್ನು ಪರೀಕ್ಷೆಯ ದಿನ ತೆರೆಯಬಾರದು.

ಶಾಯಿ ಹರಡುತ್ತದೆ ಅಂತ ಪೆನ್ನಿಗೆ ಬೈಯುವ ಮೊದಲು ಕಾಗದ ಬದಲಿಸಿ ನೋಡು. ಅಗ್ಗದ ನೋಟ್‌ಬುಕ್ಕಿನ ಒರಟು ಹಾಳೆಯಲ್ಲಿ ಎಷ್ಟು ದುಬಾರಿ ಪೆನ್ನೂ ಸೋಲುತ್ತದೆ, ನುಣುಪು ಹಾಳೆಯಲ್ಲಿ ಶಾಲೆ ಮಕ್ಕಳ ಕ್ಯಾಮ್ಲಿನ್ ಪೆನ್ನೂ ಚೆಂದ ಓಡುತ್ತದೆ.

ಅಭ್ಯಾಸಕ್ಕೆ ಅಂತ ಬೇರೆ ಹೊತ್ತು ಹುಡುಕಬೇಡ, ನಿನಗೆ ಅದು ಸಿಗುವುದೂ ಇಲ್ಲ. ದಿನಸಿ ಚೀಟಿ, ಮೀಟಿಂಗಿನ ಟಿಪ್ಪಣಿ, ಮಗಳ ಶಾಲೆಗೆ ಕೊಡುವ ರಜಾ ಅರ್ಜಿ, ಇವನ್ನೇ ಬರಿ. ಇಂಕು ತುಂಬಿದ ಪೆನ್ನನ್ನು ವಾರಗಟ್ಟಲೆ ಮುಟ್ಟದಿದ್ದರೆ ಒಣಗಿ ಕಟ್ಟಿಕೊಳ್ಳುತ್ತದೆ. ಬರೆಯಲು ಆಗುವುದೇ ಇಲ್ಲ ಅನ್ನುವುದಾದರೆ ಇವತ್ತೇ ಖಾಲಿ ಮಾಡಿ ತೊಳೆದಿಡು. ಆಗುತ್ತದೆ ಅನ್ನುವುದಾದರೆ ನಾಳೆಯ ತರಕಾರಿ ಪಟ್ಟಿಯನ್ನು ಫೋನಿನಲ್ಲಿ ಒತ್ತಬೇಡ, ಕೈಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗು.