ಹೊಸ ಕುದುರೆಯ ಹಟ: ಅದರ ಕಾರಣವೂ ಪರಿಹಾರವೂ

ಕ್ರಿ. ಪೂ. ೪ನೆಯ ಶತಮಾನದಲ್ಲಿ ಮ್ಯಾಸಿಡೋನಿಯದ ದೊರೆ ಫಿಲಿಪ್ಪನ ಬಳಿಗೆ ವರ್ತಕನೊಬ್ಬನು ಒಂದು ಕುದುರೆಯನ್ನು ತಂದನು. ಅದರ ಬೆಲೆ ೧೩ ಟ್ಯಾಲೆಂಟುಗಳು. ಆದರೆ ಅದು ಯಾರನ್ನೂ ಬೆನ್ನೇರಗೊಡಲಿಲ್ಲ. ಹತ್ತಿರ ಬಂದವರ ಮೇಲೆಲ್ಲ ನೆಗೆಯಿತು. ಪ್ರಯೋಜನಕ್ಕೆ ಬಾರದ ಪ್ರಾಣಿಯೆಂದು ದೊರೆಯು ಅದನ್ನು ಹಿಂದಕ್ಕೆ ಕೊಂಡೊಯ್ಯಹೇಳಿದನು. ಅಲ್ಲಿ ನಿಂತು ನೋಡುತ್ತಿದ್ದ ಬಾಲಕ ಅಲೆಕ್ಸಾಂಡರನು ಒಂದು ಸಂಗತಿಯನ್ನು ಗಮನಿಸಿದ್ದನು: ನೆಲದ ಮೇಲೆ ಅಲುಗಾಡುತ್ತಿದ್ದ ತನ್ನ ನೆರಳನ್ನೇ ಕಂಡು ಕುದುರೆ ಬೆದರುತ್ತಿತ್ತು. ಅವನು ಅದರ ಮುಖವನ್ನು ಸೂರ್ಯನ ಕಡೆಗೆ ತಿರುಗಿಸಿ, ಮೈ ತಡವಿ, ಸ್ವಲ್ಪ ದೂರ ಜೊತೆಯಲ್ಲೇ ನಡೆದು, ಅನಂತರ ಮೆಲ್ಲನೆ ಬೆನ್ನೇರಿದನು. ಇತಿಹಾಸದಲ್ಲಿ ಪ್ರಸಿದ್ಧವಾದ ಬ್ಯೂಸಿಫಾಲಸ್ ಎಂಬ ಕುದುರೆ ಇದೇ.

ಇದು ಪ್ಲುಟಾರ್ಕನು ಹೇಳಿರುವ ಕಥೆ. ಇದರಲ್ಲಿ ಅಡಗಿರುವ ತತ್ತ್ವವನ್ನು ಇಂದಿನ ಪ್ರಾಣಿವರ್ತನಶಾಸ್ತ್ರವೂ ಒಪ್ಪುತ್ತದೆ. ಉಳಿದವರು ಕುದುರೆಯ ಹಟವನ್ನು ಕಂಡರು. ಬಾಲಕನು ಹಟದ ಕಾರಣವನ್ನು ಕಂಡನು.

ಹೊಸದಾಗಿ ಕೊಂಡು ತಂದ ಕುದುರೆಯು ಒದೆಯುವುದು, ಕಚ್ಚುವುದು, ಮುಂಗಾಲೆತ್ತಿ ನಿಲ್ಲುವುದು, ಲಾಯದಿಂದ ಹೊರಗೆ ಬರಲೊಲ್ಲದಿರುವುದು ಅಪರೂಪವಲ್ಲ. ಅಂಥ ಕುದುರೆಗೆ ‘ದುಷ್ಟ’ ಎಂಬ ಹೆಸರು ಬಿದ್ದರೆ ಅದಕ್ಕೆ ದೊರೆಯುವುದು ಚಾವಟಿಯ ಏಟು. ಏಟಿನಿಂದ ಭಯ ಹೆಚ್ಚುತ್ತದೆ; ಭಯದಿಂದ ಒದೆತ ಹೆಚ್ಚುತ್ತದೆ. ಕೊನೆಗೆ ಅದು ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗುತ್ತದೆ. ಇತ್ತ ಮನುಷ್ಯನಿಗೂ ಅಪಾಯವುಂಟು. ೪೦೦–೫೦೦ ಕಿಲೋಗ್ರಾಂ ತೂಕದ ಪ್ರಾಣಿಯ ಒಂದು ಒದೆತ ಪ್ರಾಣವನ್ನೇ ತೆಗೆಯಬಲ್ಲುದು. ಆದುದರಿಂದ ಕಾರಣವನ್ನು ಹುಡುಕುವುದು ಕುದುರೆಗೂ ಸವಾರನಿಗೂ ಕ್ಷೇಮ.

ಮೊದಲು ಕುದುರೆಯ ದೇಹಸ್ವಭಾವವನ್ನು ತಿಳಿಯೋಣ. ಕುದುರೆ ಬಯಲಿನಲ್ಲಿ ಹಿಂಡಾಗಿ ಮೇಯುವ, ವೈರಿಯನ್ನು ಕಂಡೊಡನೆ ಓಡಿ ಪಾರಾಗುವ ಪ್ರಾಣಿ. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲಿನ ೩೬೦ ಡಿಗ್ರಿಗಳಲ್ಲಿ ಸುಮಾರು ೩೫೦ ಡಿಗ್ರಿಗಳಷ್ಟನ್ನು ಅದು ನೋಡಬಲ್ಲುದು. ಆದರೆ ನೇರವಾಗಿ ಹಿಂದೆ ಇರುವುದೂ, ಹಣೆಯ ಮುಂದೆ ತೀರ ಸಮೀಪದಲ್ಲಿರುವುದೂ ಅದಕ್ಕೆ ಕಾಣಿಸದು. ಹಿಂದಿನಿಂದ ಸದ್ದಿಲ್ಲದೆ ಬಂದವನು ಕುದುರೆಯ ಪಾಲಿಗೆ ಯಜಮಾನನಲ್ಲ, ಹೊಂಚುಹಾಕಿದ ವೈರಿ. ಆದಕಾರಣ ಮೆಲುದನಿಯಲ್ಲಿ ಮಾತನಾಡುತ್ತ ಭುಜದ ಕಡೆಯಿಂದ ಅದನ್ನು ಸಮೀಪಿಸಬೇಕು.

ಎರಡನೆಯದಾಗಿ, ನೋವು ಇದೆಯೇ ಎಂದು ಪರೀಕ್ಷಿಸಬೇಕು. ಜೀನು ಸರಿಯಾಗಿ ಕೂಡದೆ ಬೆನ್ನು ಒತ್ತಿದ್ದರೆ, ಹಲ್ಲಿನ ಅಂಚು ಚೂಪಾಗಿ ಕೆನ್ನೆಯನ್ನು ಕೊರೆಯುತ್ತಿದ್ದರೆ, ಗೊರಸಿನಲ್ಲಿ ಗಾಯವಿದ್ದರೆ, ಕುದುರೆ ತನ್ನ ನೋವನ್ನು ಮಾತಿನಲ್ಲಿ ಹೇಳಲಾರದು, ಒದೆದು ಹೇಳುತ್ತದೆ. ಪಶುವೈದ್ಯರಿಗೆ ತೋರಿಸುವ ಮೊದಲೇ ಶಿಕ್ಷಣಕ್ಕೆ ತೊಡಗುವುದು ವ್ಯರ್ಥ. ವಿಶ್ರಾಂತಿಯಲ್ಲಿರುವ ಬೆಳೆದ ಕುದುರೆಯ ನಾಡಿ ನಿಮಿಷಕ್ಕೆ ಸುಮಾರು ೨೮ರಿಂದ ೪೪ರವರೆಗೆ ಬಡಿಯುತ್ತದೆ. ಸುಮ್ಮನೆ ನಿಂತಾಗಲೂ ಬಡಿತ ಇದಕ್ಕಿಂತ ಬಹಳ ಹೆಚ್ಚಾಗಿದ್ದರೆ ನೋವನ್ನೋ ಭಯವನ್ನೋ ಶಂಕಿಸಬೇಕು.

ಮೂರನೆಯದು ವಾಸ ಮತ್ತು ಆಹಾರ. ಸ್ವತಂತ್ರವಾಗಿರುವ ಕುದುರೆ ದಿನದ ಹೆಚ್ಚು ಭಾಗವನ್ನು ಮೇಯುವುದರಲ್ಲಿಯೇ ಕಳೆಯುತ್ತದೆ. ದೇಹ ದೊಡ್ಡದಾದರೂ ಅದರ ಜಠರ ಚಿಕ್ಕದು. ಅದರಲ್ಲಿ ಆಮ್ಲವು ಎಡೆಬಿಡದೆ ಒಸರುತ್ತಿರುತ್ತದೆ. ಎರಡು ಹೊತ್ತು ಧಾನ್ಯವನ್ನು ಕೊಟ್ಟು ಉಳಿದ ಕಾಲ ಒಂಟಿಯಾಗಿ ಕಟ್ಟಿದರೆ ಅದು ಮರದ ಅಂಚನ್ನು ಕಚ್ಚತೊಡಗುತ್ತದೆ, ನಿಂತಲ್ಲೇ ತೂಗಾಡತೊಡಗುತ್ತದೆ. ಆದುದರಿಂದ ಹೊಸ ಕುದುರೆಗೆ ಸಾಕಷ್ಟು ಹುಲ್ಲು, ಓಡಾಡಲು ಬಯಲು, ಕಣ್ಣಿಗೆ ಕಾಣುವಂತೆ ಮತ್ತೊಂದು ಕುದುರೆ, ಇಷ್ಟು ಬೇಕು. ಹಳೆಯ ಮೇವಿನಿಂದ ಹೊಸ ಮೇವಿಗೆ ಒಂದೆರಡು ವಾರಗಳಲ್ಲಿ ಕ್ರಮವಾಗಿ ಬದಲಾಯಿಸಬೇಕು. ಇಲ್ಲವಾದರೆ ಹೊಟ್ಟೆನೋವು ಬರಬಹುದು.

ಇಷ್ಟಾದ ಮೇಲೆ ಶಿಕ್ಷಣ. ಇದಕ್ಕೆ ಎರಡು ನಿಯಮಗಳು ಆಧಾರ.

ಮೊದಲನೆಯದು ರೂಢಿಯ ನಿಯಮ. ಕೇಡು ಮಾಡದ ವಸ್ತುವು ಮತ್ತೆ ಮತ್ತೆ ಎದುರಾದರೆ ಭಯ ಕ್ರಮೇಣ ಕುಗ್ಗುತ್ತದೆ. ಕುದುರೆಯೊಂದು ಬಿಚ್ಚಿದ ಕೊಡೆಗೆ ಬೆದರುತ್ತದೆಯೆಂದು ಭಾವಿಸಿರಿ. ಕಿವಿ ನಿಗುರಿಸಿ ನೋಡುವುದಾದರೂ ಓಡಲೆತ್ನಿಸದಷ್ಟು ದೂರದಲ್ಲಿ, ಮುಚ್ಚಿದ ಕೊಡೆಯನ್ನು ಹಿಡಿದು ನಿಲ್ಲಬೇಕು. ಕುದುರೆ ತಲೆ ತಗ್ಗಿಸಿ ಮತ್ತೆ ಮೇಯತೊಡಗಿದಾಗ ಕೊಡೆಯನ್ನು ಮರೆಮಾಡಬೇಕು. ಮರುದಿನ ಕೆಲವು ಹೆಜ್ಜೆ ಹತ್ತಿರ. ಅನಂತರ ಕೊಡೆ ಅರ್ಧ ಬಿಚ್ಚಿ. ಕೊನೆಗೆ ಪೂರ್ತಿ ಬಿಚ್ಚಿ. ನಡುವೆ ಕುದುರೆ ಬೆದರಿದರೆ ತಪ್ಪು ಅದರದಲ್ಲ, ಅವಸರಪಟ್ಟ ನಮ್ಮದು. ಹಿಂದಿನ ಮೆಟ್ಟಲಿಗೆ ಮರಳಬೇಕು. ಅದರ ಭುಜಗಳ ನಡುವಣ ಉಬ್ಬಿನ ಬಳಿ ಮೆಲ್ಲನೆ ಕೆರೆದರೆ ಹೃದಯದ ಬಡಿತ ಇಳಿಯುತ್ತದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಕುದುರೆಗಳು ಪರಸ್ಪರ ಮೈ ಕಡಿದುಕೊಳ್ಳುವುದೂ ಅಲ್ಲಿಯೇ.

ಎರಡನೆಯದು ಫಲದ ನಿಯಮ. ಅಮೆರಿಕದ ಥಾರ್ನ್‌ಡೈಕನು ೧೮೯೮ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಿತವಾದ ಫಲವನ್ನು ಕೊಟ್ಟ ಕ್ರಿಯೆಯನ್ನು ಪ್ರಾಣಿಯು ಮತ್ತೆ ಮಾಡುತ್ತದೆಂದು ತೋರಿಸಿದನು. ಹಗ್ಗವನ್ನು ಮೆಲ್ಲನೆ ಎಳೆದಾಗ ಕುದುರೆ ಒಂದು ಹೆಜ್ಜೆ ಮುಂದಿಟ್ಟಿತೆನ್ನಿ. ಆ ಕ್ಷಣದಲ್ಲಿಯೇ ಹಗ್ಗವನ್ನು ಸಡಿಲಿಸಿದರೆ, ‘ಹೆಜ್ಜೆಯಿಟ್ಟರೆ ಎಳೆತ ನಿಲ್ಲುತ್ತದೆ’ ಎಂಬುದನ್ನು ಅದು ಕಲಿಯುತ್ತದೆ. ತಡಮಾಡಿ ಸಡಿಲಿಸಿದರೆ ಕಲಿಯುವುದಿಲ್ಲ. ಮುಂಗಾಲೆತ್ತಿದಾಗ ಅಂಜಿ ಹಗ್ಗ ಬಿಟ್ಟರೆ, ಮುಂಗಾಲೆತ್ತುವುದನ್ನೇ ಕಲಿಯುತ್ತದೆ! ಅನೇಕ ದುರಭ್ಯಾಸಗಳು ಹೀಗೆ ಮನುಷ್ಯನೇ ಅರಿಯದೆ ಕಲಿಸಿದ ಪಾಠಗಳು. ಅಂಥ ಕುದುರೆಯನ್ನು ತಿದ್ದುವ ಕೆಲಸಕ್ಕೆ ಅನುಭವಿಗಳ ನೆರವನ್ನು ಪಡೆಯಬೇಕು, ಒಂಟಿಯಾಗಿ ಸಾಹಸಕ್ಕಿಳಿಯಬಾರದು.

ಕುದುರೆ ನಮ್ಮನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸುತ್ತದೆಂಬುದಕ್ಕೆ ಜರ್ಮನಿಯ ‘ಜಾಣ ಹ್ಯಾನ್ಸ್’ ಸಾಕ್ಷಿ. ಬರ್ಲಿನಿನಲ್ಲಿದ್ದ ಈ ಕುದುರೆಯು ಗೊರಸಿನಿಂದ ನೆಲವನ್ನು ತಟ್ಟಿ ಲೆಕ್ಕಗಳಿಗೆ ಉತ್ತರ ಹೇಳುತ್ತಿತ್ತು. ಅದಕ್ಕೆ ಗಣಿತವೇನೂ ತಿಳಿದಿರಲಿಲ್ಲವೆಂದು ೧೯೦೭ರಲ್ಲಿ ಆಸ್ಕರ್ ಫುಂಗ್‌ಸ್ಟ್ ಪ್ರಕಟಿಸಿದನು. ಸರಿಯಾದ ಸಂಖ್ಯೆ ಬಂದಾಗ ಪ್ರಶ್ನೆ ಕೇಳಿದವನು ತನಗರಿಯದಂತೆ ತಲೆಯನ್ನು ಕೊಂಚ ಅಲುಗಿಸುತ್ತಿದ್ದನು. ಅದನ್ನು ಕಂಡೊಡನೆ ಕುದುರೆ ತಟ್ಟುವುದನ್ನು ನಿಲ್ಲಿಸುತ್ತಿತ್ತು. ಅಷ್ಟು ಅಲ್ಪ ಚಲನೆಯನ್ನು ಕಾಣಬಲ್ಲ ಪ್ರಾಣಿಗೆ ಸಿಡುಕಿನ ಕೈ, ಬಿಗಿದ ಮೈ ಕಾಣದೆ ಇರುವುದೇ?

ಕೋಪದಲ್ಲಿ ಕುದುರೆಯೊಡನೆ ಎಂದೂ ವ್ಯವಹರಿಸಬಾರದೆಂದು ಗ್ರೀಕ್ ಲೇಖಕ ಝೆನೊಫನ್ನನು ಸುಮಾರು ೨,೪೦೦ ವರ್ಷಗಳ ಹಿಂದೆಯೇ ಬರೆದಿಟ್ಟನು. ಬೆದರಿದ ಕುದುರೆಯನ್ನು ಹೊಡೆದರೆ ಎದುರಿನ ವಸ್ತುವೇ ತನ್ನ ನೋವಿಗೆ ಕಾರಣವೆಂದು ಅದು ತಿಳಿಯುತ್ತದೆಂಬುದೂ ಅವನ ಮಾತೇ. ನೋವನ್ನು ಕಳೆಯುವುದು, ಜೀವನವನ್ನು ಹಸನುಗೊಳಿಸುವುದು, ಮೆಟ್ಟಲು ಮೆಟ್ಟಲಾಗಿ ಕಲಿಸುವುದು: ಈ ಕ್ರಮವನ್ನು ತಪ್ಪದೆ ಅನುಸರಿಸಿದರೆ ‘ದುಷ್ಟ’ವೆನಿಸಿದ ಅನೇಕ ಕುದುರೆಗಳು ನಂಬಿಕೆಯ ಸಂಗಾತಿಗಳಾಗುತ್ತವೆ. ನೆರಳಿಗೆ ಬೆದರುವ ಕುದುರೆಗೆ ಬೇಕಾದುದು ಚಾವಟಿಯಲ್ಲ. ಮುಖವನ್ನು ಬೆಳಕಿನ ಕಡೆಗೆ ತಿರುಗಿಸುವ ಕೈ.