ನಿಮ್ಮ ಒಳ್ಳೇದಕ್ಕೇ ಹೇಳೋದಮ್ಮ

1. ಅವಮಾನಕ್ಕಿಂತ ಕಾಳಜಿಯ ಬಗ್ಗೆ ಹೆಚ್ಚು ಎಚ್ಚರವಿರಲಿ. ಹೆಣ್ಣಿಗೆ ವಿಜ್ಞಾನ ಒಗ್ಗುವುದಿಲ್ಲ ಎಂದು ನಮ್ಮ ಜೀವರಸಾಯನ ಲ್ಯಾಬುಗಳಲ್ಲಿ ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ರಾತ್ರಿ ಕೆಲಸ ನಿಮಗ್ಯಾಕಮ್ಮ, ಮನೇಲಿ ಮಗು ಇದೆಯಲ್ಲ" ಎನ್ನುತ್ತಾರೆ. ರಾತ್ರಿ ತಪ್ಪಿದರೆ ದೊಡ್ಡ ಉಪಕರಣದ ಸರದಿ ತಪ್ಪಿತು. ಸರದಿ ತಪ್ಪಿದರೆ ಪ್ರಬಂಧದಲ್ಲಿ ಹೆಸರು ಹಿಂದೆ ಬಿತ್ತು. ಕೇಡು ಬಯಸಿದವರು ಯಾರೂ ಇಲ್ಲ.

1933ರಲ್ಲಿ ಕಮಲಾ ಭಾಗವತ್ (ಮದುವೆಯ ನಂತರ ಸೊಹೋನಿ) ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದಾಗ, ಹೆಣ್ಣು ಎಂಬ ಕಾರಣಕ್ಕೆ ಅಲ್ಲಿನ ನಿರ್ದೇಶಕ ಸಿ.ವಿ. ರಾಮನ್ ನಿರಾಕರಿಸಿದರು. ಆಕೆ ಹಟ ಬಿಡಲಿಲ್ಲ. ಕೊನೆಗೆ ಸಿಕ್ಕಿದ್ದು ಷರತ್ತಿನ ಪ್ರವೇಶ: ಮೊದಲ ವರ್ಷ ಪರೀಕ್ಷಾರ್ಥ, ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ದುಡಿಯಬೇಕು, ಗಂಡಸರ ಗಮನ ಕೆಡಿಸಕೂಡದು. 1939ರಲ್ಲಿ ಅವರು ಕೇಂಬ್ರಿಜ್‌ನ ಪಿಎಚ್‌ಡಿ ಪಡೆದರು. ಅಂದು ರಾತ್ರಿಯನ್ನು ಹೇರಿದರು, ಇಂದು ಕಸಿಯುತ್ತಾರೆ. ತೀರ್ಮಾನ ಮಾತ್ರ ಎರಡು ಸಲವೂ ಬೇರೆಯವರದು. ನಮ್ಮಲ್ಲಿ ಈಗ ಸರದಿಪಟ್ಟಿ ಗೋಡೆಯ ಮೇಲಿರುತ್ತದೆ, ಅವರವರೇ ಬರೆದುಕೊಳ್ಳುತ್ತಾರೆ. ಮನೆ ತಲುಪಿಸುವ ವಾಹನ ಸಂಸ್ಥೆಯ ಹೊಣೆ.

2. ನಿಯಮ ಪುಸ್ತಕ ಮೊದಲು, ಪ್ರಯೋಗ ಆಮೇಲೆ. ಭೌತವಿಜ್ಞಾನಿ ಅಣ್ಣಾ ಮಣಿ ಅದೇ ರಾಮನ್ ಅವರ ಬಳಿ ವಜ್ರ, ಮಾಣಿಕ್ಯಗಳ ರೋಹಿತ ಅಧ್ಯಯನ ಮಾಡಿ 1945ರಲ್ಲಿ ಪ್ರಬಂಧ ಸಲ್ಲಿಸಿದರು. ಎಂಎಸ್‌ಸಿ ಇಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಇದನ್ನು ಬರೀ ಲಿಂಗಭೇದ ಎನ್ನಲಾರೆ. ಆದರೆ ದಾರಿಯಲ್ಲಿ ಒಂದು ಮೆಟ್ಟಿಲು ತಪ್ಪಿದವರನ್ನು ನಿಯಮ ಕ್ಷಮಿಸುವುದಿಲ್ಲ, ಮೆಟ್ಟಿಲು ತಪ್ಪುವ ಸಂದರ್ಭಗಳು ಹೆಂಗಸರಿಗೇ ಹೆಚ್ಚು. ವಯೋಮಿತಿಯನ್ನೇ ನೋಡಿ: ಹೆರಿಗೆಯ ವರ್ಷಗಳನ್ನೂ ಅದು ಎಣಿಸಿಬಿಡುತ್ತದೆ. ಸಡಿಲಿಕೆ ಇದೆಯೇ ಎಂದು ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ.

3. ಹೆಸರು ಮುಚ್ಚಿ ಓದಿ. ಅಮೆರಿಕದಲ್ಲಿ 127 ವಿಜ್ಞಾನ ಪ್ರಾಧ್ಯಾಪಕರಿಗೆ ಲ್ಯಾಬ್ ಮ್ಯಾನೇಜರ್ ಹುದ್ದೆಯ ಒಂದೇ ಅರ್ಜಿಯನ್ನು ಕೆಲವರಿಗೆ ಜಾನ್ ಎಂದು, ಉಳಿದವರಿಗೆ ಜೆನಿಫರ್ ಎಂದು ತೋರಿಸಿದರು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಜಾನ್‌ಗೆ ಅವರು ಸೂಚಿಸಿದ ವಾರ್ಷಿಕ ಸಂಬಳ ಸರಾಸರಿ 30,200 ಡಾಲರಿನಷ್ಟು, ಜೆನಿಫರ್‌ಗೆ 26,500. ಪ್ರಾಧ್ಯಾಪಕಿಯರೂ ಹಾಗೆಯೇ ಅಳೆದಿದ್ದರು! ಆದ್ದರಿಂದ ಸಮಿತಿಯಲ್ಲಿ ಒಬ್ಬ ಮೇಡಂ ಇದ್ದಾರೆಂದು ನೆಮ್ಮದಿ ಬೇಡ. ಆ ಮೇಡಂ ಎಷ್ಟೋ ಸಲ ನಾನೇ. ಹಬಲ್ ದೂರದರ್ಶಕದ ಸಮಯ ಹಂಚುವವರು 2018ರಲ್ಲಿ ಅರ್ಜಿದಾರರ ಗುರುತು ಮರೆಸಿದರು. ಆ ಸುತ್ತಿನಲ್ಲಿ ಮಹಿಳೆಯರ ನೇತೃತ್ವದ ಅರ್ಜಿಗಳು ಗಂಡಸರದಕ್ಕಿಂತ ತುಸು ಹೆಚ್ಚಿನ ಪ್ರಮಾಣದಲ್ಲಿ ಗೆದ್ದವು. ನಮ್ಮ ಆಫೀಸಿನಲ್ಲಿ ಹೆಸರು, ಫೋಟೊ ತೆಗೆದೇ ಅರ್ಜಿಗಳನ್ನು ನನ್ನ ಮೇಜಿಗೆ ಕಳಿಸುತ್ತಾರೆ.

4. ಲೇಖಕರ ಹೆಸರಿನ ಕ್ರಮ ಮೊದಲೇ ಗೊತ್ತಾಗಲಿ.

5. ಶಿಫಾರಸು ಪತ್ರದಲ್ಲಿ "ಸೌಮ್ಯ ಸ್ವಭಾವದವಳು, ಕಷ್ಟಪಡುತ್ತಾಳೆ" ಎಂದಿದ್ದರೆ ಹೊಡೆದುಹಾಕಿ. ಯಾವ ಪ್ರೋಟೀನನ್ನು ಶುದ್ಧೀಕರಿಸಿದಳು, ಯಾರಿಗೂ ಆಗದ ಯಾವ ಅಳತೆ ಮಾಡಿದಳು, ಅದನ್ನು ಬರೆಯಿರಿ.

6. ಸಂದರ್ಶನದಲ್ಲಿ "ನಿಮ್ಮ ಯಜಮಾನ್ರು ಎಲ್ಲಿ ಕೆಲಸ ಮಾಡ್ತಾರೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಭ್ಯರ್ಥಿ ಪಾಪ ಏನು ಹೇಳಿಯಾಳು? ಮಾತಾಡಬೇಕಾದವರು ಮೇಜಿನ ಈಚೆ ಕೂತವರು. "ಸರ್, ಹಿಂದಿನ ಹುಡುಗನಿಗೂ ಇದನ್ನು ಕೇಳೋಣ, ಮತ್ತೆ ಒಳಗೆ ಕರೆಸಲಾ?" ಎನ್ನುತ್ತೇನೆ. ಇದುವರೆಗೆ ಯಾರೂ ಕರೆಸಿ ಎಂದಿಲ್ಲ.