ಹಳೆಯ ಲಾರಿ ಕೊಳ್ಳುವ ಮುನ್ನ ಎಂಜಿನ್ ನಂಬರು ನೋಡಿ



ಮೆಕ್ಕೆಜೋಳ, ಶುಂಠಿ, ಅನಾನಸ್ ಸಾಗಿಸಲು ಬಾಡಿಗೆ ಕೊಟ್ಟು ಸಾಕಾಗಿ, ನಾಲ್ಕಾರು ಮನೆಯವರು ಸೇರಿ ಹಳೆಯ ಲಾರಿ ಕೊಳ್ಳುವ ಮಾತು ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಆಗಾಗ ಕೇಳಿಬರುತ್ತದೆ. ಕೊಳ್ಳುವವರು ಟೈರು ನೋಡುತ್ತಾರೆ, ಹೊಗೆಯ ಬಣ್ಣ ನೋಡುತ್ತಾರೆ. ಎಂಜಿನ್ ನಂಬರು ನೋಡುವವರು ಕಡಿಮೆ. ಹಲಗೆಯ ಮೇಲೆ ಕೆಎ 14 ಎಂದಿದ್ದರೆ ಶಿವಮೊಗ್ಗದ ನೋಂದಣಿ, ಕೆಎ 15 ಎಂದಿದ್ದರೆ ಸಾಗರದ್ದು. ಆದರೆ ಹಲಗೆಯನ್ನು ಬದಲಿಸಬಹುದಷ್ಟೆ!

ಎಂಜಿನ್ ನಿಲ್ಲಿಸಿ, ತಣ್ಣಗಾಗಲು ಬಿಡಿ. ಚಕ್ರಗಳಿಗೆ ಕಲ್ಲು ಕೊಡಿ. ಎತ್ತುವ ಕ್ಯಾಬಿನ್ ಆದರೆ ಅದರ ಕೊಂಡಿ ಭದ್ರವಾಗಿ ಬಿದ್ದಿದೆಯೇ ಎಂದು ನೋಡದೆ ಕೆಳಗೆ ತಲೆ ಹಾಕಕೂಡದು. ನಂಬರು ಇರುವುದು ದೊಡ್ಡ ಬ್ಲಾಕಿನ ಮೇಲೆ. ಬಿಚ್ಚಿ ತೆಗೆಯುವ ಹೆಡ್ಡಿನ ಮೇಲಾಗಲಿ ಮುಚ್ಚಳದ ಮೇಲಾಗಲಿ ಅಲ್ಲ. ಬ್ಲಾಕಿನ ಪಕ್ಕದಲ್ಲಿ ನುಣುಪಾದ ಚಪ್ಪಟೆ ಜಾಗ ಹುಡುಕಿ. ಕೆಲವು ಗಾಡಿಗಳಲ್ಲಿ ಅದು ಡೀಸೆಲ್ ಪಂಪಿನ ಬಳಿ, ಕೆಲವುಗಳಲ್ಲಿ ಹಿಂದೆ ಗೇರ್‌ಬಾಕ್ಸ್ ಕಡೆ ಇರುತ್ತದೆ. ಗಾಡಿಯ ಕೈಪಿಡಿ ಸಿಕ್ಕರೆ ಜಾಗ ಅದರಲ್ಲೇ ತಿಳಿಯುತ್ತದೆ. ಡೀಸೆಲ್ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣ ತಿಕ್ಕಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಅಂಕಿಗಳು ಚೆನ್ನಾಗಿ ಕಾಣುತ್ತವೆ. ಅರದಿಂದ ಉಜ್ಜಬೇಡಿ, ಆ ಗೀರೇ ನಾಳೆ ನಿಮ್ಮ ಮೇಲೆ ಅನುಮಾನ ತರುತ್ತದೆ.

ಇಲ್ಲಿ ಮೋಸಹೋಗುವುದು ಉಬ್ಬಿದ ಅಂಕಿಗಳಿಂದ. ಅವು ಎರಕ ಹೊಯ್ದ ಅಚ್ಚಿನವು. ಒಂದೇ ಬಗೆಯ ನೂರಾರು ಎಂಜಿನ್‌ಗಳಲ್ಲಿ ಅವೇ ಇರಬಹುದು. ಎಂಜಿನ್ ನಂಬರು ಲೋಹದೊಳಕ್ಕೆ ತಗ್ಗಾಗಿ ಒತ್ತಿದ್ದು. ಡೀಸೆಲ್ ಪಂಪಿನ ತಗಡಿನ ಮೇಲಿನ ನಂಬರು ಪಂಪಿನದೇ ಹೊರತು ಎಂಜಿನ್ನಿನದಲ್ಲ. ನಮ್ಮ ಹಳೆಯ ಲಾರಿಗಳಲ್ಲಿ ಆ ಪಂಪು ಬಹುಮಟ್ಟಿಗೆ ಬೆಂಗಳೂರಿನ ಮೈಕೋ ಕಂಪನಿಯದು.

ಚಾಸಿಸ್ ನಂಬರು ಬೇರೆ. ಅದು ಸಾಮಾನ್ಯವಾಗಿ ಮುಂದಿನ ಬಲಚಕ್ರದ ಹತ್ತಿರ, ಉದ್ದ ತೊಲೆಯ ಮೇಲಿರುತ್ತದೆ. ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. 17 ಅಕ್ಷರಗಳ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬಳಸುವುದಿಲ್ಲ. ಓ ಎಂದು ಕಂಡದ್ದು ಸೊನ್ನೆ.

ಎರಡನ್ನೂ ಆರ್.ಸಿ. ಪುಸ್ತಕದೊಡನೆ ಒಂದೊಂದೇ ಅಂಕಿ ಹೋಲಿಸಿ. ಎಂಜಿನ್ ಬದಲಿಸಿದ್ದರೆ ತಪ್ಪೇನಿಲ್ಲ, ಆದರೆ 1988ರ ಮೋಟಾರು ವಾಹನ ಕಾಯಿದೆಯಂತೆ ಅದು ಆರ್.ಸಿ.ಯಲ್ಲಿ ದಾಖಲಾಗಿರಬೇಕು. “ಆಮೇಲೆ ಮಾಡಿಸಿಕೊಡುತ್ತೇನೆ” ಎಂದರೆ ಮುಂಗಡವನ್ನೂ ಆಮೇಲೆಯೇ ಕೊಡಿ. ಕಳವಿನ ಎಂಜಿನ್ ಎಂದಾದರೆ ಪೊಲೀಸರು ಗಾಡಿ ಹಿಡಿಯುತ್ತಾರೆ. ಬೆಳೆಯ ಹಣ ಹೋಗಿ ಸಾಲ ಉಳಿಯುತ್ತದೆ. ಬ್ಯಾಂಕಿನ ಸಾಲ ತೀರಿದೆಯೇ ಎಂಬುದನ್ನೂ ಅದೇ ಪುಸ್ತಕದಲ್ಲಿ ನೋಡಿ. ಕೊಂಡ 30 ದಿನದೊಳಗೆ ಹೆಸರು ವರ್ಗಾವಣೆಗೆ ಸಾರಿಗೆ ಕಚೇರಿಗೆ ತಿಳಿಸತಕ್ಕದ್ದು.